ಊರಿಗೆ ಮರಳುವ ನಾಯಕಿ: ಮೂರನೇ ಅಧ್ಯಾಯಕ್ಕೇ ಗುಟ್ಟು ರಟ್ಟಾಗುತ್ತಿದೆ

ಪ್ರಶ್ನೆ
ಸಸ್ಪೆನ್ಸ್ ಕಾದಂಬರಿಯ ಕರಡು, ಸುಮಾರು 60,000 ಪದ. 18 ವರ್ಷದ ಮೇಲೆ ಹುಟ್ಟೂರಿಗೆ ಬಂದ ನಾಯಕಿ, ತೀರಿಹೋದ ಅಪ್ಪನ ಗಡಿಯಾರ ರಿಪೇರಿ ಅಂಗಡಿಯನ್ನು ಮತ್ತೆ ತೆರೆಯುತ್ತಾಳೆ. ಅಂಗಡಿ ಹಿಂದಿನ ಗೋದಾಮಿಗೆ ಅಂದು ಬೆಂಕಿ ಇಟ್ಟವರು ಯಾರು ಅನ್ನೋದು ಕೊನೆಗೆ ತಿಳಿಯಬೇಕು. ಮೊದಲ ಅಧ್ಯಾಯದಲ್ಲೇ ಆ ರಾತ್ರಿಯ ಫ್ಲ್ಯಾಶ್‌ಬ್ಯಾಕ್ ಇದೆ. ಓದಿದ ಐವರೂ ಮೂರನೇ ಅಧ್ಯಾಯಕ್ಕೇ ‘ಚಿಕ್ಕಪ್ಪನೇ’ ಅಂದುಬಿಟ್ಟರು. ಎಲ್ಲಿ ಸರಿಪಡಿಸಲಿ?

ಉತ್ತರ 1
ಮೊದಲು ಫ್ಲ್ಯಾಶ್‌ಬ್ಯಾಕ್ ತೆಗೆಯಿರಿ. ಹಸಿವು ಹುಟ್ಟುವ ಮೊದಲೇ ಬಡಿಸಿದಂತಾಗಿದೆ. ಬದುಕನ್ನು ಹೊಸದಾಗಿ ಕಟ್ಟೋಕೆ ಅವಳು ಮಾಡಲೇಬೇಕಾದ ಕೆಲಸಗಳಿವೆಯಲ್ಲ, ಬೀಗ ಬದಲಿಸೋದು, ಕರೆಂಟ್ ಹಾಕಿಸೋದು, ಹಳೇ ಗಿರಾಕಿಗಳ ಲೆಕ್ಕ ನೋಡೋದು, ಗುಟ್ಟು ಅವುಗಳಿಂದಲೇ ಈಚೆ ಬರಲಿ. ಒಬ್ಬ ಅಜ್ಜಿ ಬಂದು ‘ನಮ್ಮೆಜಮಾನ್ರ ವಾಚು ಕೊಡಮ್ಮ’ ಅಂತ ರಸೀದಿ ಚಾಚುತ್ತಾರೆ ಅಂದುಕೊಳ್ಳಿ. ಮಡಿಕೆಯಲ್ಲಿ ಸವೆದ ಹಳದಿ ಚೀಟಿ, ಅಪ್ಪನ ಕೈಬರಹ, ತಾರೀಕು ಬೆಂಕಿ ಬಿದ್ದ ದಿನದ್ದು. ಅವತ್ತು ಅಪ್ಪ ಊರಲ್ಲೇ ಇರಲಿಲ್ಲ ಅಂತ ಮನೆಯವರು ಹಿಂದಿನ ಅಧ್ಯಾಯದಲ್ಲಿ ಮಾತಿನ ನಡುವೆ ಹೇಳಿರಬೇಕು. ಚೀಟಿ ಕೈಗೆ ಬಂದಲ್ಲಿಗೆ ಅಧ್ಯಾಯ ನಿಲ್ಲಿಸಿ. ಅವಳ ಮನಸ್ಸಿನಲ್ಲಿ ಏನಾಯ್ತು ಅಂತ ಬಿಡಿಸಿ ಹೇಳಿದರೆ ಚೀಟಿಯ ಬಲ ಅಲ್ಲೇ ಮುಗಿಯಿತು.

ಉತ್ತರ 2
ಚಿಕ್ಕಪ್ಪ ಸಿಕ್ಕಿಬೀಳೋದು ಸುಳ್ಳು ಹೇಳುವವನು ಅವನೊಬ್ಬನೇ ಆಗಿರುವುದರಿಂದ. ಆ ರಾತ್ರಿಯ ಬಗ್ಗೆ ಕನಿಷ್ಠ ಮೂವರು ಸುಳ್ಳು ಹೇಳಬೇಕು, ಇಬ್ಬರ ಸುಳ್ಳಿಗೆ ಬೆಂಕಿಯ ಸಂಬಂಧವೇ ಇರಬಾರದು: ಒಬ್ಬರದು ಸಾಲ, ಇನ್ನೊಬ್ಬರದು ಯಾರದೋ ಮಾನ ಕಾಯೋದು. ಒಂದು ಹಾಳೆಯಲ್ಲಿ ಪಾತ್ರಕ್ಕೊಂದು ಸಾಲು ಎಳೆದು ನಾಲ್ಕು ಕಲಂ ಮಾಡಿ: ಎಲ್ಲಿದ್ದರು, ಏನು ಕಂಡರು, ಏನು ಹೇಳುತ್ತಾರೆ, ಯಾಕೆ ಮುಚ್ಚಿಡುತ್ತಾರೆ. ಎಲ್ಲರ ವಯಸ್ಸಿನಿಂದ 18 ಕಳೆದೂ ನೋಡಿ, ಈ ಲೆಕ್ಕದಲ್ಲಿ ಎಡವಿದ ಕರಡುಗಳು ಬಹಳ. ನಿಜವಾದ ಸುಳಿವು ಮೊದಲ 15,000 ಪದದೊಳಗೆ ಒಮ್ಮೆ ಕಾಣಿಸಲೇಬೇಕು. ಅದನ್ನು ನಾಲ್ಕೈದು ವಸ್ತುಗಳ ನಡುವೆ ಇಟ್ಟು, ಮುಂದಿನ ಸಾಲಲ್ಲೇ ಬಾಗಿಲು ಬಡಿಸಿ. ಕೊನೆಗೆ ದಿಢೀರನೆ ತಂದರೆ ಓದುಗರಿಗೆ ಮೋಸ ಹೋದೆವು ಅನಿಸುತ್ತೆ.

ಉತ್ತರ 3
ನಾನು ಬೇರೆ ದಾರಿ ಹೇಳುತ್ತೇನೆ. ಎಲ್ಲರೂ ಊಹಿಸುತ್ತಾರಾದರೆ ಅದನ್ನು ಅವರಿಗೇ ಕೊಟ್ಟುಬಿಡಿ. ಮೇಜಿನ ಕೆಳಗೆ ಬಾಂಬ್ ದಿಢೀರನೆ ಸಿಡಿದರೆ 15 ಸೆಕೆಂಡಿನ ಅಚ್ಚರಿ, ಅದು ಅಲ್ಲಿದೆ ಅಂತ ನೋಡುವವರಿಗೆ ಮೊದಲೇ ಗೊತ್ತಿದ್ದರೆ 15 ನಿಮಿಷದ ಸಸ್ಪೆನ್ಸ್ ಅನ್ನೋದು ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಮಾತಿನ ಸಾರ. ನಾಯಕಿ ಅಂಗಡಿಯ ಎರಡನೇ ಕೀಲಿಯನ್ನು ಚಿಕ್ಕಪ್ಪನ ಕೈಗೇ ಕೊಡಲಿ. ‘ಯಾರು’ ಹೋಗಿ ‘ಯಾವಾಗ’ ಬರುತ್ತೆ. ಆದರೆ ಅವನನ್ನು ನಂಬೋಕೆ ಗಟ್ಟಿ ಕಾರಣ ಬೇಕು, ಇಲ್ಲವಾದರೆ ಅವಳು ಪೆದ್ದಿಯಾಗಿ ಕಾಣುತ್ತಾಳೆ. ಹೆದರಿಕೆ ಶುರುವಾದ ಮೇಲೂ ಊರು ಬಿಡಲಾಗದಂತೆ ಕಟ್ಟಿಹಾಕಿ: ಇದ್ದದ್ದೆಲ್ಲ ಮಾರಿ ಅಂಗಡಿಗೆ ಹಾಕಿರಲಿ.

ಪ್ರಶ್ನೆ ಕೇಳಿದವರು
ಇಡೀ ಕಥೆ ‘ನಾನು’ ಅಂತ ಅವಳೇ ಹೇಳೋದು. ಆಗ?

ಉತ್ತರ 3
ಆಗಲೂ ಆಗುತ್ತೆ. ಅವಳು ಕಂಡದ್ದನ್ನು ಹೇಳಲಿ, ಅರ್ಥ ಮಾತ್ರ ಓದುಗರಿಗೆ ಮೊದಲು ಹೊಳೆಯಲಿ. ಚಿಕ್ಕಪ್ಪ ಕೀಲಿ ವಾಪಸ್ ಕೊಟ್ಟಾಗ ಅದರ ಹಲ್ಲಿನ ಸಂದಿನಲ್ಲಿ ಮೇಣ ಅಂಟಿರುತ್ತೆ, ನಕಲಿ ಕೀಲಿಗೆ ಅಚ್ಚು ತೆಗೆದ ಗುರುತು. ಅವಳು ಸೆರಗಿನಲ್ಲಿ ಒರೆಸಿ ಮೊಳೆಗೆ ತಗುಲಿಹಾಕುತ್ತಾಳೆ.