ಪದಚರ್ಚೆ: ಅರಿವಳಿಕೆಗೆ ಮುನ್ನ ನೋಡುವುದು ಯಾವ ‘ಹೊಟ್ಟೆ’, ‘ಖಾಲಿ’ ಎಂದರೆ ಎಷ್ಟು ಖಾಲಿ?

ಬಳಗದ ಎಲ್ಲರಿಗೂ ನಮಸ್ಕಾರ.

ಶಸ್ತ್ರಚಿಕಿತ್ಸೆಗೆ ಬರುವವರ ಕೈಗೆ ಕೊಡುವ ತಿಳಿವಳಿಕೆ ಪತ್ರವೊಂದನ್ನು ತಿದ್ದಿಕೊಡಲು ಒಪ್ಪಿಕೊಂಡಿದ್ದೇನೆ. ಅದರಲ್ಲಿ ಹೇಳಬೇಕಾದದ್ದು ಇಷ್ಟು: ಅರಿವಳಿಕೆ ಕೊಡುವ ಮುನ್ನ ರೋಗಿಯ ಜಠರದಲ್ಲಿ ಏನಾದರೂ ಉಳಿದಿದೆಯೇ, ಉಳಿದಿದ್ದರೆ ಅದು ನೀರೋ ಗಟ್ಟಿ ಆಹಾರವೋ, ನೀರಾದರೆ ಎಷ್ಟು ಎಂಬುದನ್ನು ಅಲ್ಟ್ರಾಸೌಂಡ್ ಹಿಡಿದು ನೋಡುತ್ತಾರೆ. ಮಂಚದ ಪಕ್ಕದಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ. ಆದರೆ ನನ್ನ ಮುಂದಿರುವ ಕರಡು ಅದನ್ನು ‘ಗ್ಯಾಸ್ಟ್ರಿಕ್ ವಿಷಯಗಳ ಶ್ರವಣಾತೀತ ಮೌಲ್ಯಮಾಪನ’ ಎಂದು ಕರೆದಿದೆ. ಜಠರಕ್ಕೆ ವಿಷಯ ಎಲ್ಲಿಂದ ಬಂತು, ಅದನ್ನು ಮೌಲ್ಯಮಾಪನ ಮಾಡಿ ಅಂಕ ಹಾಕುವವರು ಯಾರು ಎಂದು ಓದುಗ ಕೇಳಿದರೆ ಉತ್ತರಿಸುವುದು ಕಷ್ಟ. ಯಾವ ಪದ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಬಗ್ಗೆ ನನ್ನ ಯೋಚನೆಯನ್ನು ಕೆಳಗೆ ಬರೆದಿದ್ದೇನೆ. ಒಪ್ಪದ ಕಡೆ ತಿದ್ದಿ.

ಮೊದಲಿಗೆ ‘ಗ್ಯಾಸ್ಟ್ರಿಕ್’. ವೈದ್ಯರ ಬಾಯಲ್ಲಿ ಅದು ‘ಜಠರಕ್ಕೆ ಸಂಬಂಧಿಸಿದ’ ಎಂಬ ವಿಶೇಷಣ. ಕನ್ನಡಕ್ಕೆ ಬಂದ ಮೇಲೆ ಅದು ನಾಮಪದವಾಗಿ ಒಂದು ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ‘ನನಗೆ ಗ್ಯಾಸ್ಟ್ರಿಕ್ ಇದೆ’, ‘ಗ್ಯಾಸ್ಟ್ರಿಕ್ ಆಗಿ ಎದೆ ಹಿಡಿದುಕೊಂಡಿದೆ’ ಎನ್ನುವವರಿಗೆ ‘ನಿಮಗೆ ಗ್ಯಾಸ್ಟ್ರಿಕ್ ಅಲ್ಟ್ರಾಸೌಂಡ್ ಮಾಡುತ್ತೇವೆ’ ಎಂದರೆ ಹೊಟ್ಟೆಯುಬ್ಬರಕ್ಕೆ ತಪಾಸಣೆ ಎಂದೇ ತಿಳಿಯುತ್ತಾರೆ. ‘ನನಗೆ ಆ ತೊಂದರೆಯೇ ಇಲ್ಲ, ಈ ಪರೀಕ್ಷೆ ಏಕೆ?’ ಎಂದು ಕೇಳುವುದೂ ಸಹಜ. ಎರವಲು ಪದಗಳ ಬಗ್ಗೆ ನನಗೆ ಮಡಿಯೇನೂ ಇಲ್ಲ. ಆದರೆ ಈ ಪದ ಇಲ್ಲಿ ಕೆಲಸಕ್ಕೆ ಬಾರದು.

‘ಹೊಟ್ಟೆಯ ಸ್ಕ್ಯಾನಿಂಗ್’ ಎನ್ನೋಣವೇ? ಎಲ್ಲರಿಗೂ ತಿಳಿಯುವ ಮಾತು, ನಿಜ. ಅದರ ಅಪಾಯವೂ ಅಲ್ಲಿಯೇ ಇದೆ. ಕನ್ನಡದ ‘ಹೊಟ್ಟೆ’ಯಲ್ಲಿ ಎಲ್ಲವೂ ಹಿಡಿಸುತ್ತದೆ: ಜಠರ, ಕರುಳು, ಗರ್ಭ, ಸೊಂಟದಿಂದ ಎದೆಯವರೆಗಿನ ಇಡೀ ಭಾಗ. ಆದ್ದರಿಂದ ‘ಹೊಟ್ಟೆಯ ಸ್ಕ್ಯಾನಿಂಗ್’ ಎಂದೊಡನೆ ಜನರಿಗೆ ನೆನಪಾಗುವುದು ಮೂತ್ರಕೋಶ ಮತ್ತು ಗರ್ಭಕೋಶ ನೋಡುವ ಸ್ಕ್ಯಾನ್. ಅದಕ್ಕೆ ‘ಚೆನ್ನಾಗಿ ನೀರು ಕುಡಿದು, ಮೂತ್ರ ಕಟ್ಟಿಕೊಂಡು ಬನ್ನಿ’ ಎಂದು ಹೇಳಿ ಕಳುಹಿಸುವ ರೂಢಿಯಿದೆ. ಒಮ್ಮೆ ಅದನ್ನು ಮಾಡಿಸಿಕೊಂಡವರು ಈ ಪತ್ರ ಓದಿ ಒಂದು ಲೀಟರ್ ನೀರು ಕುಡಿದು ಬಂದರೆ? ಖಾಲಿ ಇದೆಯೇ ಎಂದು ನೋಡಬೇಕಾದ ಚೀಲವನ್ನು ನಮ್ಮ ಪದವೇ ತುಂಬಿಸಿದಂತಾಗುತ್ತದೆ. ಹೀಗಾಗಿ ಇಲ್ಲಿ ‘ಜಠರ’ವೇ ಬೇಕು ಎಂಬುದು ನನ್ನ ಮತ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ ಪದವಾದ್ದರಿಂದ ಅಪರಿಚಿತವಲ್ಲ. ಮೊದಲ ಸಲ ಬಂದಾಗ ‘ಉಂಡ ಆಹಾರ ಹೋಗಿ ನಿಲ್ಲುವ ಚೀಲ’ ಎಂದು ಒಂದು ಮಾತು ಸೇರಿಸಿದರೆ ಸಾಕು. ‘ಅಲ್ಟ್ರಾಸೌಂಡ್’ ಹಾಗೆಯೇ ಇರಲಿ. ‘ಶ್ರವಣಾತೀತ ಧ್ವನಿ’ ಪಠ್ಯಪುಸ್ತಕದಲ್ಲಿ ಒಳ್ಳೆಯ ಪದ, ಆದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದವರಿಗೆ ಅದು ಇನ್ನೊಂದು ಗಾಬರಿ.

ಇಂಗ್ಲಿಷಿನ ‘ಕಂಟೆಂಟ್ಸ್’, ಅಂದರೆ ಒಳಗಿರುವುದು, ಕರಡಿನಲ್ಲಿ ‘ವಿಷಯ’ವಾಗಿದೆ. ಅದಕ್ಕೆ ಬದಲು ಏನು? ಪುಸ್ತಕವಿಮರ್ಶೆಯವರು ಬಳಸುವ ‘ಹೂರಣ’ ಒಂದು ಕ್ಷಣ ಆಸೆ ಹುಟ್ಟಿಸಿತು. ನಗು ಬಂದು ಕೈಬಿಟ್ಟೆ. ‘ಒಳವಸ್ತು’, ‘ಅಂತರ್ವಸ್ತು’ ಅರ್ಥಕ್ಕೆ ಸರಿ, ಕಿವಿಗೆ ಒಗ್ಗುವುದಿಲ್ಲ. ನಾನು ‘ಉಳಿಕೆ’ಯ ಕಡೆ ವಾಲಿದ್ದೇನೆ: ‘ಜಠರದ ಉಳಿಕೆ ನೋಡುವ ಅಲ್ಟ್ರಾಸೌಂಡ್’. ಒಂದು ತೊಡಕಿದೆ. ಜಠರದಲ್ಲಿರುವುದೆಲ್ಲ ತಿಂದು ಉಳಿದದ್ದಲ್ಲ, ಅದು ತಾನೇ ಸ್ರವಿಸಿದ ರಸವೂ ಇರುತ್ತದೆ. ರೋಗಿಯ ಪತ್ರಕ್ಕೆ ಇಷ್ಟು ಸೂಕ್ಷ್ಮ ಬೇಡ ಎನ್ನಬಹುದು. ಆದರೆ ಮುಂದಿನ ಪದಕ್ಕೆ ಈ ರಸವೇ ಮುಖ್ಯವಾಗುತ್ತದೆ.

ಅದು ‘ಖಾಲಿ ಹೊಟ್ಟೆ’. ನನ್ನ ಮುಖ್ಯ ಪ್ರಶ್ನೆ ಇರುವುದು ಇಲ್ಲಿ. ಕನ್ನಡದಲ್ಲಿ ‘ಹೊಟ್ಟೆ ತುಂಬಿತು’ ಎಂದರೆ ತೃಪ್ತಿ, ‘ಹೊಟ್ಟೆ ಹಸಿಯಿತು’ ಎಂದರೆ ಬಯಕೆ. ಎರಡೂ ಅನುಭವದ ಮಾತುಗಳು, ಅಂಗದ ಸ್ಥಿತಿಯನ್ನು ಹೇಳುವ ಮಾತುಗಳಲ್ಲ. ಅರಿವಳಿಕೆ ತಜ್ಞರು ‘ತುಂಬಿದ ಹೊಟ್ಟೆ’ ಎನ್ನುವಾಗ ಅವರ ಲೆಕ್ಕವೇ ಬೇರೆ. ಅದೊಂದು ಅಪಾಯದ ವರ್ಗ: ಅರಿವಳಿಕೆಯಲ್ಲಿದ್ದಾಗ ಜಠರದಲ್ಲಿದ್ದುದು ಮೇಲೆ ಬಂದು ಉಸಿರುದಾರಿಗೆ ಇಳಿಯುವ ಅಪಾಯ. ಬೆಳಗಿನಿಂದ ಏನೂ ತಿನ್ನದೆ ಹಸಿದು ಕುಳಿತವರೂ ಆ ವರ್ಗಕ್ಕೆ ಸೇರಬಹುದು: ಹೆರಿಗೆ ನೋವು ಶುರುವಾದವರು, ಅಪಘಾತದಲ್ಲಿ ಪೆಟ್ಟಾದವರು, ಬಹುಕಾಲದ ಸಕ್ಕರೆ ಕಾಯಿಲೆಯಿಂದ ಜಠರದ ನರಗಳು ಸೋತವರು, ಮಾರ್ಫಿನ್ ಜಾತಿಯ ನೋವುನಿವಾರಕ ತೆಗೆದುಕೊಂಡವರು. ಈಚೆಗೆ ಸೆಮಾಗ್ಲುಟೈಡ್‌ನಂಥ ಔಷಧಿಗಳು ಬಂದ ಮೇಲೆ ಈ ಪಟ್ಟಿ ಬೆಳೆದಿದೆ. ತೂಕ ಇಳಿಸಲು, ಸಕ್ಕರೆ ಹತೋಟಿಗೆ ತರಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧಿ ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತದೆ, ಹಸಿವನ್ನೂ ಕುಗ್ಗಿಸುತ್ತದೆ. ಗಡಿಯಾರ ನೋಡಿ ಊಟ ಬಿಟ್ಟಿದ್ದರೂ ಒಳಗೆ ಅನ್ನ ಹಾಗೆಯೇ ನಿಂತಿರಬಹುದು. 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಇಂಥವರ ವಿಚಾರದಲ್ಲಿ ಸಲಹೆ ಕೊಟ್ಟಾಗ, ಸಂದೇಹವಿದ್ದರೆ ಅಲ್ಟ್ರಾಸೌಂಡ್ ಮೂಲಕ ಜಠರ ನೋಡುವುದನ್ನೂ ಅದರಲ್ಲಿ ಸೇರಿಸಿತು. ಹಸಿವಿಗೂ ಜಠರ ಖಾಲಿಯಾಗುವುದಕ್ಕೂ ನಂಟು ಕಡಿದುಹೋದ ಇಂಥವರಿಗೆ ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಬರೆದರೆ ಅರ್ಧ ಮಾತು ಮಾತ್ರ ಹೇಳಿದಂತೆ.

ಇನ್ನು ‘ಖಾಲಿ’ ಎಂದರೆ ಎಷ್ಟು? ನಿಘಂಟಿನಲ್ಲಿ ಖಾಲಿ ಎಂದರೆ ಏನೂ ಇಲ್ಲದ್ದು. ಜಠರದಲ್ಲಿ ಹಾಗಿರುವುದು ಅಪರೂಪ. ದೇಹದ ತೂಕದ ಕಿಲೋ ಒಂದಕ್ಕೆ 1.5 ಮಿಲಿಲೀಟರ್‌ವರೆಗೆ ತಿಳಿ ದ್ರವ ಇದ್ದರೆ ಅದು ಏನೂ ತಿನ್ನದವರಲ್ಲೂ ಇರುವ ಸಾಮಾನ್ಯ ರಸ ಎಂದು ತೆಗೆದುಕೊಳ್ಳುತ್ತಾರೆ. ಅಳೆಯುವ ಬಗೆ ಹೀಗೆ: ರೋಗಿಯನ್ನು ಬಲಮಗ್ಗುಲಾಗಿ ಮಲಗಿಸುತ್ತಾರೆ, ಆಗ ದ್ರವವೆಲ್ಲ ಜಠರದ ಕೆಳತುದಿಗೆ ಇಳಿದು ನಿಲ್ಲುತ್ತದೆ. ಎದೆಗೂಡಿನ ಕೆಳಗೆ ನಡುವೆ ಪ್ರೋಬ್ (ಅಲ್ಟ್ರಾಸೌಂಡ್ ಯಂತ್ರದ, ಮೈಮೇಲೆ ಇಡುವ ಹಿಡಿ) ಇಟ್ಟು, ಯಕೃತ್ತಿನ ಎಡಹಾಳೆಯ ಹಿಂದೆ, ಮೇದೋಜೀರಕ ಗ್ರಂಥಿಯ ಮುಂದೆ ಕಾಣುವ ಆ ತುದಿಯ ಅಡ್ಡಕೊಯ್ತದ ವಿಸ್ತೀರ್ಣ ತೆಗೆಯುತ್ತಾರೆ. ಟೊರಾಂಟೋದ ಅನಾಹಿ ಪೆರ್ಲಾಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸೂತ್ರ ವಯಸ್ಕರಿಗೆ ಹೆಚ್ಚು ಬಳಕೆಯಲ್ಲಿದೆ: ವಿಸ್ತೀರ್ಣವನ್ನು 14.6ರಿಂದ ಗುಣಿಸಿ, 27 ಕೂಡಿಸಿ, ವಯಸ್ಸನ್ನು 1.28ರಿಂದ ಗುಣಿಸಿ ಬಂದದ್ದನ್ನು ಕಳೆಯಬೇಕು. 40 ವರ್ಷದವರಲ್ಲಿ ವಿಸ್ತೀರ್ಣ 8 ಚದರ ಸೆಂಟಿಮೀಟರ್ ಬಂದರೆ ದ್ರವ ಸುಮಾರು 93 ಮಿಲಿಲೀಟರ್. ಅವರ ತೂಕ 70 ಕಿಲೋ ಆಗಿದ್ದರೆ ಮಿತಿ 105, ಹಾಗಾಗಿ ‘ಖಾಲಿ’ಯ ಲೆಕ್ಕಕ್ಕೇ ಸೇರಿಸಬಹುದು. 55 ಕಿಲೋ ಆಗಿದ್ದರೆ ಮಿತಿ ದಾಟಿತು. ಒಂದೇ ಅಳತೆಯ ದ್ರವ, ಒಬ್ಬರಿಗೆ ಖಾಲಿ, ಇನ್ನೊಬ್ಬರಿಗೆ ಅಲ್ಲ! ಇಂಥ ಕಡೆ ‘ಖಾಲಿ’ ಎಂಬ ಪದ ಒಂದಿಷ್ಟು ಸುಳ್ಳು ಹೇಳುತ್ತದೆ. ವೈದ್ಯರ ಟಿಪ್ಪಣಿಗೆ ‘ಅಪಾಯವಿಲ್ಲದಷ್ಟು’ ಎಂದು ಬಿಡಿಸಿ ಬರೆಯಬಹುದು, ರೋಗಿಗೆ ‘ಖಾಲಿ’ ಸಾಕು. ‘ಬರಿಹೊಟ್ಟೆ’ ನನಗೆ ಇಷ್ಟದ ಪದವೇ. ಆದರೆ ‘ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿ’ ಎಂಬಲ್ಲಿ ಅದು ನಿಂತುಬಿಟ್ಟಿದೆ, ಕದಲಿಸುವುದು ಬೇಡ.

ಮಲಗುವ ಭಂಗಿಗೆ ಕರಡಿನಲ್ಲಿ ‘ಬಲ ಪಾರ್ಶ್ವ ಶಯನ ಸ್ಥಿತಿ’ ಎಂದಿತ್ತು. ‘ಅಂಗಾತ’, ‘ಬಲಮಗ್ಗುಲು’ ಎಂಬ ಪದಗಳು ಇರುವಾಗ ಇದನ್ನು ಬರೆದವರಿಗೆ ಯಾವ ಕಷ್ಟ ಬಂದಿತ್ತೋ! ದ್ರವದ ಮಟ್ಟವನ್ನು ಗುರುತಿಸುವ 0, 1, 2 ಎಂಬ ಎಣಿಕೆಯನ್ನೂ ಈ ಎರಡು ಪದಗಳಿಂದಲೇ ಹೇಳಿಬಿಡಬಹುದು: ಅಂಗಾತ ಮಲಗಿದಾಗಲೂ ಬಲಮಗ್ಗುಲಾದಾಗಲೂ ದ್ರವ ಕಾಣದಿದ್ದರೆ 0, ಮಗ್ಗುಲಾದಾಗ ಮಾತ್ರ ಕಂಡರೆ 1, ಎರಡರಲ್ಲೂ ಕಂಡರೆ 2. ಇದನ್ನು ‘ದರ್ಜೆ’ ಎಂದರೆ ಗುಣಮಟ್ಟದ ವಾಸನೆ, ‘ಹಂತ’ ಎಂದರೆ ಕಾಯಿಲೆ ಬೆಳೆಯುತ್ತಿರುವ ವಾಸನೆ. ‘ಮಟ್ಟ’ ಎಂದಿಟ್ಟಿದ್ದೇನೆ.

ಪರದೆಯ ಮೇಲಿನ ಚಿತ್ರಗಳ ಹೆಸರುಗಳು ವೈದ್ಯ ವಿದ್ಯಾರ್ಥಿಗಳಿಗೆ ಮಾತ್ರ ಬೇಕಾದವು. ಖಾಲಿ ಜಠರದ ತುದಿ ಸಣ್ಣ ದುಂಡು, ದಪ್ಪ ಗೋಡೆ, ನಡುವೆ ಚುಕ್ಕೆ. ಅದಕ್ಕಿರುವ ಇಂಗ್ಲಿಷಿನ ‘ಬುಲ್ಸ್ ಐ’ಯನ್ನು ಕರಡು ‘ಗೂಳಿಯ ಕಣ್ಣು’ ಎಂದಿದೆ. ಬಾಣ ಬಿಡುವವರ ‘ಗುರಿಹಲಗೆ’ ಇರಲಿ ಎಂದು ತಿದ್ದಿದೆ. ನೀರು ಕುಡಿದ ಕೂಡಲೇ ನೋಡಿದರೆ ಕಪ್ಪು ದ್ರವದಲ್ಲಿ ಗಾಳಿಗುಳ್ಳೆಗಳು ಮಿನುಗುತ್ತವೆ, ‘ಚುಕ್ಕಿಯಿರುಳು’ ಚೆನ್ನಾಗಿ ಹೊಂದುತ್ತದೆ. ಆಗಷ್ಟೇ ಗಟ್ಟಿ ಆಹಾರ ಉಂಡಿದ್ದರೆ ಅದರಲ್ಲಿ ಬೆರೆತ ಗಾಳಿ ಹಿಂದಿನದನ್ನೆಲ್ಲ ಮರೆಮಾಡಿ ‘ಮಸುಕುಗಾಜಿ’ನಂತೆ ಕಾಣುತ್ತದೆ. ಇಂಥ ಕಡೆ ಅಳತೆಯ ಸೂತ್ರವೇ ಬೇಡ. ಗಟ್ಟಿ ಆಹಾರ ಕಂಡರೆ ಅಷ್ಟಕ್ಕೇ ಅದು ತುಂಬಿದ ಜಠರ.

‘ಉಪವಾಸ’ವನ್ನು ನಾನು ಒಪ್ಪುವುದಿಲ್ಲ. ಈ ಪದ ಎಷ್ಟೋ ಜನರಿಗೆ ಕೆಲವನ್ನು ಬಿಟ್ಟು ಕೆಲವನ್ನು ತೆಗೆದುಕೊಳ್ಳುವುದು ಎಂದೂ ಆಗುತ್ತದೆ, ಇನ್ನು ಕೆಲವರಿಗೆ ತೊಟ್ಟು ನೀರೂ ಮುಟ್ಟದಿರುವುದು. ಇಲ್ಲಿ ಎರಡೂ ತಪ್ಪು. ಆರೋಗ್ಯವಂತರಿಗೆ, ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಸಾಮಾನ್ಯ ನಿಯಮ: ತಿಳಿ ದ್ರವ 2 ಗಂಟೆ ಮುಂಚಿನವರೆಗೆ, ತಾಯಿಹಾಲು 4, ಬೇರೆ ಹಾಲು ಮತ್ತು ಲಘು ಆಹಾರ 6, ಕರಿದದ್ದು, ಜಿಡ್ಡಿನದು, ಮಾಂಸ ಇದ್ದರೆ 8 ಗಂಟೆ ಅಥವಾ ಇನ್ನೂ ಹೆಚ್ಚು. ‘ಇಷ್ಟು ಗಂಟೆಯಿಂದ ಇಂಥದ್ದನ್ನು ತಿನ್ನಬೇಡಿ’ ಎಂಬ ಸೀದಾ ವಾಕ್ಯಕ್ಕಿಂತ ಒಳ್ಳೆಯ ಪದ ಇದಕ್ಕಿಲ್ಲ. ಅಂದ ಹಾಗೆ ಕರಡಿನಲ್ಲಿ ‘ಸ್ಪಷ್ಟ ದ್ರವ’ ಎಂದಿತ್ತು. ಮಾತು ಸ್ಪಷ್ಟವಾಗಬಹುದು, ದ್ರವ ತಿಳಿಯಾಗುತ್ತದೆ. ‘ತಿಳಿ’ಯನ್ನು ‘ತೆಳು’ ಎಂದು ಯಾರೂ ಓದದಂತೆ ಒಂದು ಉದಾಹರಣೆ ಕೊಡಬೇಕು: ನೀರು ಬೆರೆಸಿದ ಹಾಲು ತೆಳುವಾದೀತು, ತಿಳಿಯಾಗದು.

ಕೊನೆಗೆ, ಇಷ್ಟೆಲ್ಲ ಮಾಡುವುದು ಯಾವುದನ್ನು ತಪ್ಪಿಸಲು ಎಂಬುದಕ್ಕೆ ಪದ. ಕರಡಿನಲ್ಲಿ ‘ಶ್ವಾಸಕೋಶದ ಆಕಾಂಕ್ಷೆ’ ಎಂದಿದೆ. ಇಂಗ್ಲಿಷಿನ ‘ಆಸ್ಪಿರೇಷನ್’ ಎಂಬ ಪದಕ್ಕೆ ಆಕಾಂಕ್ಷೆ, ಮಹಾಪ್ರಾಣ, ಉಸಿರಿನೊಂದಿಗೆ ಒಳಗೆಳೆದುಕೊಳ್ಳುವುದು ಎಂಬ ಮೂರೂ ಅರ್ಥಗಳಿವೆ. ಯಂತ್ರವೋ ಮನುಷ್ಯರೋ ಮೊದಲನೆಯದನ್ನು ಹಿಡಿದಿದ್ದಾರೆ. ‘ಮಹಾಪ್ರಾಣ’ವನ್ನು ಹಿಡಿಯದಿದ್ದುದು ನಮ್ಮ ಪುಣ್ಯ. 1946ರಲ್ಲಿ ಮೆಂಡೆಲ್ಸನ್ ಎಂಬ ವೈದ್ಯ ನ್ಯೂಯಾರ್ಕಿನ ಹೆರಿಗೆ ಆಸ್ಪತ್ರೆಯೊಂದರ 44,016 ಬಸುರಿಯರ ದಾಖಲೆಗಳಲ್ಲಿ ಜಠರದಲ್ಲಿದ್ದುದು ಹೀಗೆ ಉಸಿರಿನೊಂದಿಗೆ ಒಳಗೆ ಹೋದ 66 ಪ್ರಕರಣಗಳನ್ನು ವಿವರಿಸಿದ. ಗಟ್ಟಿ ಆಹಾರ ಉಸಿರುದಾರಿಯನ್ನು ಮುಚ್ಚುವುದು ಒಂದು, ಜಠರದ ಆಮ್ಲ ಶ್ವಾಸಕೋಶವನ್ನು ಸುಡುವುದು ಇನ್ನೊಂದು ಎಂದು ಬೇರೆ ಮಾಡಿ ತೋರಿಸಿದ. ಎರಡನ್ನೂ ಒಂದೇ ಹೆಸರಿನಡಿ ಹೇಳಬಲ್ಲ ಕನ್ನಡ ಯಾವುದು?

‘ನೆತ್ತಿಗೇರುವುದು’ ಹತ್ತಿರ ಬರುತ್ತದೆ. ಕುಡಿದ ನೀರು ದಾರಿ ತಪ್ಪಿ ಉಸಿರಿಗೆ ಹೋದರೆ ನಾವು ಹೇಳುವುದು ಅದನ್ನೇ. ಆದರೆ ನೆತ್ತಿಗೇರಿದ್ದು ಬಾಯಿಂದ ಇಳಿಯುವಾಗ, ಎಚ್ಚರವಿದ್ದಾಗ. ಕೂಡಲೇ ಕೆಮ್ಮು ಬಂದು ಹೊರಗೆ ತಳ್ಳುತ್ತದೆ. ಅರಿವಳಿಕೆಯಲ್ಲಿ ಆಗುವುದು ಇದರ ತಿರುಗುಮುರುಗು: ಅನ್ನನಾಳದ ಕೆಳಬಾಯಿಯ ಬಿಗಿ ಸಡಿಲಿ ಜಠರದಲ್ಲಿದ್ದುದು ಮೇಲೆ ಬರುತ್ತದೆ, ಗಂಟಲಿನಲ್ಲಿ ಹೊರಳಿ ಶ್ವಾಸನಾಳಕ್ಕೆ ಇಳಿಯುತ್ತದೆ, ಕೆಮ್ಮಲು ಎಚ್ಚರವೇ ಇರುವುದಿಲ್ಲ. ಹಾಗಾಗಿ ‘ಉಸಿರುದಾರಿಗೆ ಇಳಿಯುವುದು’ ಎಂದು ಬರೆದಿದ್ದೇನೆ. ಮೇಲೆ ಬರುವ ಭಾಗಕ್ಕೆ ‘ವಾಂತಿ’ ಸಲ್ಲದು, ವಾಂತಿಗೆ ಹೊಟ್ಟೆಯ ಸ್ನಾಯುಗಳ ಒತ್ತಡ ಬೇಕು. ಇದು ಶ್ರಮವಿಲ್ಲದೆ ತಾನಾಗಿ ಉಕ್ಕಿಬರುವುದು. ಹಸುಗೂಸು ಹಾಲು ‘ಕಕ್ಕಿತು’ ಎನ್ನುವಾಗ ಸರಿಯಾಗಿ ಇದೇ ಅರ್ಥವಿದೆ. ಆದರೆ ದೊಡ್ಡವರಿಗೆ ಹಚ್ಚಿದರೆ ‘ನುಂಗಿದ ಹಣ ಕಕ್ಕಿದ’, ‘ವಿಷ ಕಕ್ಕಿದ’ ಎಂಬ ಬೈಗುಳದ ಛಾಯೆ ಬಂದುಬಿಡುತ್ತದೆ.

ಸದ್ಯಕ್ಕೆ ಪತ್ರದ ಸಾಲುಗಳು ಹೀಗಿವೆ: ‘ಅರಿವಳಿಕೆ ಕೊಡುವ ಮುನ್ನ ನಿಮ್ಮ ಜಠರದಲ್ಲಿ ಆಹಾರ ಅಥವಾ ನೀರು ಉಳಿದಿದೆಯೇ ಎಂದು ಅಲ್ಟ್ರಾಸೌಂಡ್ ಮೂಲಕ ನೋಡುತ್ತೇವೆ. ಇದಕ್ಕಾಗಿ ನೀರು ಕುಡಿದು ಬರಬೇಕಿಲ್ಲ. ಹಸಿವಾಗಿದ್ದರೂ ಜಠರ ಖಾಲಿಯಾಗಿಲ್ಲದಿರಬಹುದು. ಉಳಿದಿದ್ದರೆ, ಅದು ಮೇಲೆ ಬಂದು ಉಸಿರುದಾರಿಗೆ ಇಳಿಯದಂತೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದು ಅಥವಾ ಅರಿವಳಿಕೆ ಕೊಡುವ ಕ್ರಮವನ್ನು ಬದಲಿಸಬಹುದು. ಜಠರಕ್ಕೆ ಹಿಂದೆ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲೇ ತಿಳಿಸಿ.’ ಕೊನೆಯ ವಾಕ್ಯ ಏಕೆಂದರೆ, ಜಠರದ ಆಕಾರ ಬದಲಾದವರಲ್ಲಿ ಈ ಅಳತೆಯನ್ನು ನಂಬುವಂತಿಲ್ಲ.

ನಿಮ್ಮಿಂದ ಬೇಕಾದದ್ದು ಎರಡು. ‘ಕಕ್ಕು’ವಿನ ಅರ್ಥವಿದ್ದೂ ಅದರ ಕಟುವಿಲ್ಲದ ಕ್ರಿಯಾಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ಮತ್ತು ಸಣ್ಣ ಕರುಳಿಗೆ ಕೂಡುವ ಮುನ್ನ ಜಠರ ಕಿರಿದಾಗುವ ಭಾಗಕ್ಕೆ ವೈದ್ಯರು ‘ಆಂಟ್ರಮ್’ ಎನ್ನುತ್ತಾರೆ, ನಾನು ಮೇಲೆ ‘ಕೆಳತುದಿ’ ಎಂದು ದಾಟಿಸಿದ್ದೇನೆ. ಬಲಮಗ್ಗುಲಾದಾಗ ಅದು ಕೆಳಗಿರುತ್ತದೆ, ಅಂಗಾತ ಮಲಗಿದರೆ ಆ ಹೆಸರು ನಿಲ್ಲುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಪದ ಸಿಕ್ಕದಿದ್ದರೆ ‘ಆಂಟ್ರಮ್’ ಅನ್ನೇ ಉಳಿಸಿಕೊಳ್ಳುತ್ತೇನೆ.