ಟ್ರ್ಯಾಕಿಂಗ್‌ಗೆ ‘ಜಾಡು ಹಿಡಿಯುವುದು’ ಸರಿಯಾ?

ಗೆಳೆಯರೇ, ಮೂರು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ರೇಡಿಯೋ ದೂರದರ್ಶಕದಿಂದ ಉಪಗ್ರಹಗಳನ್ನು, ಬಾಹ್ಯಾಕಾಶದ ಕಸವನ್ನು ಟ್ರ್ಯಾಕ್ ಮಾಡುವುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲು ‘ಜಾಡು ಹಿಡಿಯುವುದು’ ಅಂತಲೇ ಹಾಕಿದ್ದೆ. ಆಮೇಲೆ ಅನುಮಾನ ಶುರುವಾಯಿತು. ಜಾಡು ಅಂದರೆ ಹೋದವರು ಬಿಟ್ಟುಹೋದ ಗುರುತು, ಅಲ್ವಾ? ಮಣ್ಣಲ್ಲಿ ಮೂಡಿದ ಹೆಜ್ಜೆ, ಗಾಲಿಯ ಗೆರೆ, ತುಳಿದು ಬಾಗಿದ ಹುಲ್ಲು. ಭೂಮಿಯನ್ನು ಸುತ್ತುವ ಬೋಲ್ಟು ಯಾವ ಗುರುತನ್ನೂ ಬಿಡುವುದಿಲ್ಲ. ಅದು ಎಲ್ಲಿಂದ ಬಂತು ಅನ್ನುವುದಕ್ಕಿಂತ ಮುಂದಿನ ಸುತ್ತಿನಲ್ಲಿ ಎಲ್ಲಿರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. 2009ರ ಫೆಬ್ರವರಿಯಲ್ಲಿ ಇರಿಡಿಯಂ 33, ಕಾಸ್ಮೋಸ್ 2251 ಎಂಬ ಎರಡು ಉಪಗ್ರಹಗಳು ಡಿಕ್ಕಿ ಹೊಡೆದು ಎರಡು ಸಾವಿರಕ್ಕೂ ಜಾಸ್ತಿ ದೊಡ್ಡ ಚೂರುಗಳಾದವು. ಒಂದೊಂದರ ಮುಂದಿನ ದಾರಿಯನ್ನೂ ಲೆಕ್ಕ ಹಾಕಬೇಕಾಯಿತು.

‘ಬೆನ್ನಟ್ಟುವುದು’ ಕೆಲವು ಕಡೆ ಒಪ್ಪುತ್ತದೆ. 1957ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದವರು ತಮ್ಮ 76 ಮೀಟರ್ ಅಗಲದ ಹೊಸ ದೂರದರ್ಶಕವನ್ನೇ ರೇಡಾರ್ ಮಾಡಿಕೊಂಡು, ಸ್ಪುಟ್ನಿಕ್ ಹೊತ್ತೊಯ್ದ ರಾಕೆಟ್ಟಿನಿಂದ ಮರಳಿ ಬಂದ ಅಲೆಯನ್ನು ಹಿಡಿದರು. ಅದು ಬೆನ್ನಟ್ಟಿದ್ದೇ.

ಆದರೆ 1996ರಲ್ಲಿ ಜರ್ಮನಿಯಲ್ಲಿ ನಡೆದದ್ದು ಬೇರೆ. ಒಂದು ರೇಡಾರ್ ಅಲೆ ಕಳಿಸಿತು, ಎಫೆಲ್ಸ್‌ಬರ್ಗ್‌ನ 100 ಮೀಟರ್ ಅಗಲದ ರೇಡಿಯೋ ದೂರದರ್ಶಕ ಕೇಳಿಸಿಕೊಂಡಿತು. ಎರಡೂ ಆಕಾಶದ ಒಂದೇ ಜಾಗಕ್ಕೆ ಮುಖ ಮಾಡಿ 24 ಗಂಟೆ ಅಲ್ಲಾಡದೆ ನಿಂತವು. ಭೂಮಿ ತಿರುಗಿದ ಹಾಗೆ ಅವುಗಳ ನೋಟವೂ ತಿರುಗಿತು, ನಡುವೆ ಅಡ್ಡ ಹಾದುಹೋದ, ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಸಣ್ಣ ಚೂರುಗಳೂ ಎಣಿಕೆಗೆ ಸಿಕ್ಕವು. ಯಾರೂ ಯಾರನ್ನೂ ಅಟ್ಟಲಿಲ್ಲ. ಬಿಲದ ಮುಂದೆ ಬೆಕ್ಕು ಕೂತ ಹಾಗೆ, ಅಷ್ಟೇ. ಇದಕ್ಕೆ ನನಗೆ ಹೊಳೆದ ಪದ ‘ಹೊಂಚು’.

‘ಕಣ್ಣಿಡುವುದು’ ಅಂತ ಒಬ್ಬ ಸ್ನೇಹಿತರು ಸೂಚಿಸಿದರು. ರೇಡಿಯೋದಲ್ಲಿ ಕಣ್ಣಿಗೇನು ಕೆಲಸ? (ಹಾಗೆ ನೋಡಿದರೆ ‘ದೂರದರ್ಶಕ’ದಲ್ಲೇ ನೋಟ ಕೂತಿದೆ, ಅದನ್ನು ಈಗ ಕದಲಿಸುವುದು ಬೇಡ.) ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ದೂರದರ್ಶಕವಂತೂ ತಾನಾಗಿ ಏನನ್ನೂ ಕಳಿಸುವುದಿಲ್ಲ. ಎಲ್ಲೋ ದೂರದ ಎಫ್‌ಎಂ ಕೇಂದ್ರದ ಅಲೆ ಬಾಹ್ಯಾಕಾಶ ನಿಲ್ದಾಣಕ್ಕೆ ಬಡಿದು ವಾಪಸ್ ಬಂದದ್ದನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ. ಅದು ಕಿವಿಗೊಡುವುದು.

ಇನ್ನು ಟ್ರ್ಯಾಕ್ ಆಗುವ ಆ ತುಣುಕುಗಳಿಗೆ ‘ಅವಶೇಷ’ ಅನ್ನುವುದನ್ನು ಬಿಟ್ಟೆ, ಹಳೆಯ ಕೋಟೆ ನೆನಪಾಗುತ್ತದೆ. ‘ಕಸ’ ಚೆನ್ನಾಗಿದೆ, ಆದರೆ ‘ಎರಡು ಕಸ’ ಅನ್ನೋಕಾಗಲ್ಲ. ಎಣಿಸುವಾಗ ‘ಚೂರು’ ಬಳಸಿದ್ದೇನೆ.

ನನ್ನ ಪ್ರಶ್ನೆ ಇಷ್ಟು: ‘ಹೊಂಚು’ ಎಂದ ಕೂಡಲೇ ಕೇಡು ಬಗೆಯುವವರ ನೆನಪು ಬರುತ್ತದೆಯೇ? ಕೆಟ್ಟ ಉದ್ದೇಶವಿಲ್ಲದೆ ಒಂದೇ ಕಡೆ ಕಾದು ಕೂತು, ಹಾದುಹೋಗುವುದನ್ನು ಎಣಿಸುವುದಕ್ಕೆ ನಿಮ್ಮ ಮಾತಿನಲ್ಲಿ ಬೇರೆ ಪದ ಇದೆಯೇ?