ಶಿವಮೊಗ್ಗದಲ್ಲಿ ಮನೆ, ಬೆಂಗಳೂರಿನಲ್ಲಿ ಬೇಸ್: ಪೈಲಟ್ ಹೀಗೆ ಓಡಾಡಬಹುದಾ?

ತೀರ್ಥಹಳ್ಳಿ ಅಕ್ಕ:
ನನ್ನ ತಮ್ಮ ಕೋ-ಪೈಲಟ್. ಬೇಸ್ ಬೆಂಗಳೂರು, ಅಂದ್ರೆ ಡ್ಯೂಟಿ ಶುರುವಾಗುವುದೂ ಮುಗಿಯುವುದೂ ಅಲ್ಲೇ. ಈಗ ದೇವನಹಳ್ಳಿಯ ಬಾಡಿಗೆ ಮನೆ ಬಿಟ್ಟು, ಹೆಂಡತಿ ಮಗುವನ್ನು ಶಿವಮೊಗ್ಗಕ್ಕೆ ಕರೆತರುತ್ತೇನೆ, ಇಲ್ಲಿನ ಏರ್‌ಪೋರ್ಟ್ ಇರುವ ಸೊಗಾನೆಯಿಂದ ವಿಮಾನದಲ್ಲೇ ಕೆಲಸಕ್ಕೆ ಹೋಗಿಬರುತ್ತೇನೆ ಎನ್ನುತ್ತಿದ್ದಾನೆ. ಅಪ್ಪನಿಗೆ 72 ಆಯ್ತು. ಅಡಿಕೆಗೆ ಔಷಧಿ ಹೊಡೆಯುವ ಜನರನ್ನು ಹುಡುಕುವುದೇ ಅವರಿಗೆ ಕಷ್ಟ. ಅವನು ಹತ್ತಿರ ಬಂದರೆ ನಮಗೆಲ್ಲ ಧೈರ್ಯ. ಆದರೂ ಯಾಕೋ ಭಯ. ತಿಳಿದವರು ಹೇಳಿ.

ಭದ್ರಾವತಿ ಹುಡುಗ:
ಯಾಕಾಗಬಾರದು ಅಕ್ಕ? 2023ರ ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಓಡಾಡುತ್ತಿದೆ. ಹತ್ತಿದರೆ ಸುಮಾರು ಒಂದು ಗಂಟೆ. ವೈಟ್‌ಫೀಲ್ಡ್‌ನಿಂದ ಏರ್‌ಪೋರ್ಟಿಗೆ ಹೋಗುವವರು ಅದಕ್ಕಿಂತ ಜಾಸ್ತಿ ಹೊತ್ತು ಟ್ರಾಫಿಕ್‌ನಲ್ಲಿ ಕೂತಿರುತ್ತಾರೆ. ಅಮೆರಿಕದಲ್ಲಂತೂ ಮನೆ ಒಂದು ರಾಜ್ಯದಲ್ಲಿ, ಬೇಸ್ ಇನ್ನೊಂದು ರಾಜ್ಯದಲ್ಲಿ ಇರುವ ಪೈಲಟ್‌ಗಳು ತುಂಬಾ ಜನ. ಸೀಟು ಸಿಗದಿದ್ದರೆ ಕಾಕ್‌ಪಿಟ್‌ನ ಜಂಪ್ ಸೀಟ್‌ನಲ್ಲಿ, ಅಂದ್ರೆ ಅಲ್ಲಿರುವ ಹೆಚ್ಚುವರಿ ಸೀಟಿನಲ್ಲಿ, ಕೂತು ಹೋಗುತ್ತಾರೆ. ಊರು ಬಿಟ್ಟವರು ವಾಪಸ್ ಬರುತ್ತೇನೆ ಅಂದಾಗ ನಾವೇ ತಡೆಯಬೇಕಾ?

ರೋಸ್ಟರ್ ಮಾಡುತ್ತಿದ್ದವಳು:
ನಾನು ಒಂದು ವಿಮಾನ ಕಂಪನಿಯಲ್ಲಿ ಪೈಲಟ್‌ಗಳ ರೋಸ್ಟರ್, ಅಂದ್ರೆ ಯಾರಿಗೆ ಯಾವಾಗ ಡ್ಯೂಟಿ ಅನ್ನುವ ಪಟ್ಟಿ, ನೋಡುತ್ತಿದ್ದೆ. ಇಲ್ಲೊಂದು ವಿಷಯ ಗೊತ್ತಿರಬೇಕು. ಕಂಪನಿಯೇ ಒಬ್ಬ ಪೈಲಟ್‌ನನ್ನು ಪ್ರಯಾಣಿಕನಾಗಿ ಬೇರೆ ಊರಿಗೆ ಕಳಿಸಿದರೆ ಆ ಹೊತ್ತು ಡ್ಯೂಟಿ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಪೊಸಿಷನಿಂಗ್ ಅನ್ನುತ್ತೇವೆ. ಮನೆಯಿಂದ ಬೇಸ್‌ಗೆ ತಾನಾಗಿಯೇ ಬಂದರೆ ಅದು ಅವನ ಸ್ವಂತ ಸಮಯ. ಕಾಗದದಲ್ಲಿ ವಿಶ್ರಾಂತಿ ಅಂತಲೇ ಇರುತ್ತದೆ. ಅವನು ಸೊಗಾನೆಯಲ್ಲಿ ಬ್ಯಾಗ್ ಹಿಡಿದು ಕಾಯುತ್ತಿದ್ದರೂ ಅಷ್ಟೇ.

2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿತ್ತು. ಒಳಗಿದ್ದ 49 ಜನ, ನೆಲದ ಮೇಲೆ ಒಬ್ಬರು ಸತ್ತರು. ಕೋ-ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನದಲ್ಲಿ ಹೊರಟು, ಮೆಂಫಿಸ್‌ನಲ್ಲಿ ವಿಮಾನ ಬದಲಿಸಿ, ಬೆಳಿಗ್ಗೆ ನೆವಾರ್ಕ್ ಬೇಸ್‌ಗೆ ಬಂದಿದ್ದರು. ವಿಮಾನ ಹೊರಟದ್ದು ರಾತ್ರಿ ಒಂಬತ್ತರ ನಂತರ. ಕ್ಯಾಪ್ಟನ್ ಕೂಡ ಫ್ಲೋರಿಡಾದಿಂದ ಬಂದುಹೋಗುವವರು, ಸಿಬ್ಬಂದಿ ಕೋಣೆಯಲ್ಲೇ ಮಲಗಿದ್ದರು. ಅಪಘಾತಕ್ಕೆ ಕಾರಣ ಅಂತ ತನಿಖೆ ಹೇಳಿದ್ದು ಕ್ಯಾಪ್ಟನ್ ತಪ್ಪನ್ನು. ವೇಗ ಕಡಿಮೆಯಾಗಿ ಎಚ್ಚರಿಕೆ ಬಂದಾಗ ಮೂತಿ ಇಳಿಸುವ ಬದಲು ಎತ್ತಿದರು. ಆಯಾಸದ ಪಾಲು ಎಷ್ಟು ಅಂತ ಅಳೆಯಲು ಆಗಲಿಲ್ಲ. ಆದರೆ ಇಬ್ಬರೂ ದಣಿದಿರಬಹುದು ಎಂದಿತು.

ಇನ್ನು ಸ್ಟ್ಯಾಂಡ್‌ಬೈ ಇದ್ದ ದಿನ ಶಿವಮೊಗ್ಗದಲ್ಲಿ ಕೂರುವ ಹಾಗೇ ಇಲ್ಲ. ಕರೆದರೆ ಓಡಬೇಕು.

ಹೊಸನಗರದವ:
ಅಕ್ಕ, ಜುಲೈ ತಿಂಗಳು ನೆನಪಿಸಿಕೊಳ್ಳಿ ಮಾರಾಯ್ರೆ. ಮೋಡ ನೆಲಕ್ಕಿಳಿದ ದಿನ ಸೊಗಾನೆಯಲ್ಲಿ ವಿಮಾನ ಇಳಿಯುವುದಿಲ್ಲ, ವಾಪಸ್ ಹೋಗುತ್ತದೆ. 3,200 ಮೀಟರ್ ರನ್‌ವೇ ಇದ್ದರೂ ಕಾಣಬೇಕಲ್ಲ? ಆಮೇಲೆ ರಸ್ತೆಯಲ್ಲಿ 300 ಕಿಲೋಮೀಟರ್ ಹೋಗಿ ಅವನು ವಿಮಾನ ಓಡಿಸಬೇಕಾ?

ನಿವೃತ್ತ ಬಸ್ ಡ್ರೈವರ್:
ನಾನು 22 ವರ್ಷ ಶಿವಮೊಗ್ಗ–ಬೆಂಗಳೂರು ರಾತ್ರಿ ಬಸ್ ಓಡಿಸಿದವನು. ನಮ್ಮ ಮನೆ ಡಿಪೋದಿಂದ 60 ಕಿಲೋಮೀಟರ್. ಮಧ್ಯಾಹ್ನ ಮೂರಕ್ಕೆ ಮನೆ ಬಿಟ್ಟು, ಎರಡು ಬಸ್ ಬದಲಿಸಿ, ಸ್ಟೀರಿಂಗ್ ಹಿಡಿಯುವಾಗಲೇ ಮೈ ಸೋತಿರುತ್ತಿತ್ತು. ಒಂದು ರಾತ್ರಿ ತುಮಕೂರು ದಾಟಿದ್ದು ಗೊತ್ತಾಗಲೇ ಇಲ್ಲ. ಹಿಂದೆ ನಲವತ್ತು ಜನ ಮಲಗಿದ್ದರು. ಮರುದಿನವೇ ಡಿಪೋ ಹತ್ತಿರ ರೂಮು ಹಿಡಿದೆ. ನಿಮ್ಮ ತಮ್ಮನಿಗೆ ಇದನ್ನು ಓದಿಸಿ.

ಭದ್ರಾವತಿ ಹುಡುಗ:
ಯಜಮಾನ್ರೇ, ನಿಮ್ಮ ಮಾತು ಒಪ್ಪಿದೆ. ಆದರೆ ಬೇಸ್ ಪಕ್ಕದಲ್ಲೇ ಮನೆ ಇದ್ದರೆ ಎಲ್ಲ ಸರಿ ಅಂತಲೂ ಹೇಳಬೇಡಿ. 2010ರ ಮೇ 22ರ ಮಂಗಳೂರು ಅಪಘಾತದಲ್ಲಿ 158 ಜನ ಹೋದರು. ರಾತ್ರಿಯಿಡೀ ದುಬೈಗೆ ಹೋಗಿ ಬರುವ ಡ್ಯೂಟಿ ಅದು. ಕ್ಯಾಪ್ಟನ್ ದಾರಿಯಲ್ಲಿ ನಿದ್ದೆ ಹೋಗಿದ್ದರು, ಎದ್ದ ಮಂಪರು ಬಿಟ್ಟಿರಲಿಲ್ಲ ಅಂತ ತನಿಖಾ ವರದಿಯೇ ಹೇಳಿತು. ಅಂದ್ರೆ ರೋಸ್ಟರ್‌ನದೂ ತಪ್ಪಿರುತ್ತದೆ ಅಲ್ವಾ?

ರೋಸ್ಟರ್ ಮಾಡುತ್ತಿದ್ದವಳು:
ಖಂಡಿತ ಇರುತ್ತದೆ. ಅದಕ್ಕೇ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 2025ರ ಜುಲೈನಿಂದ 36 ಗಂಟೆಯ ಬದಲು 48 ಗಂಟೆ ಮಾಡಿದ್ದು. ಅಕ್ಕ, ದಾರಿ ಇರುವುದೂ ಅದರಲ್ಲೇ. ಆ 48 ಗಂಟೆ ಊರಿಗೆ ಬರಲಿ. ಉಳಿದ ದಿನ ಅಲ್ಲೇ ಇರಲಿ. ವಾಪಸ್ ಹೋಗುವುದು ಮಾತ್ರ ಡ್ಯೂಟಿಯ ಹಿಂದಿನ ದಿನವೇ ಆಗಬೇಕು. ವಿಮಾನ ರದ್ದಾದರೆ ಟ್ರೇನ್ ಹಿಡಿದು ಹೋಗಿ ಪೂರ್ತಿ ಒಂದು ರಾತ್ರಿ ಮಲಗುವಷ್ಟು ಸಮಯ ಕೈಯಲ್ಲಿರಬೇಕು.

ತೀರ್ಥಹಳ್ಳಿ ಅಕ್ಕ:
ನಿನ್ನೆ ರಾತ್ರಿ ತಮ್ಮನಿಗೆ ಎಲ್ಲ ಓದಿ ಹೇಳಿದೆ. ಡ್ರೈವರ್ ಅಣ್ಣನ ಮಾತು ಕೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಾದಿನಿಗೆ ಬೇಜಾರಾಯಿತು, ವಾರಕ್ಕೆ ಎರಡು ದಿನಕ್ಕಾಗಿ ಶಿವಮೊಗ್ಗಕ್ಕೆ ಬರಬೇಕಾ ಎಂದಳು. ಅವಳ ಮಾತೂ ನಿಜ. ಕೊನೆಗೆ, ಒಂದು ಮಳೆಗಾಲ ಹೀಗೇ ನೋಡೋಣ ಅಂತ ಇಬ್ಬರೂ ಒಪ್ಪಿದ್ದಾರೆ. ದೇವನಹಳ್ಳಿ ಕಡೆ, ಹಗಲು ಹೊತ್ತಿನಲ್ಲೂ ಸದ್ದಿಲ್ಲದೆ ಮಲಗಬಹುದಾದ ಒಂದು ರೂಮು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.